ಉತ್ತರ ಬಂದಿದೆ, ಆದರೆ ಕಾಣುತ್ತಿಲ್ಲ! ಇ-ಮೇಲ್‌ನ ಸ್ಪ್ಯಾಮ್ ಪೆಟ್ಟಿಗೆಯ ಬಗ್ಗೆ ತಿಳಿದಿರಬೇಕಾದ ಸಂಗತಿಗಳು

ದುಬೈಯಲ್ಲಿ ಉದ್ಯೋಗದಲ್ಲಿರುವ ಯುವಕನೊಬ್ಬನ ಮದುವೆ ನಿಶ್ಚಯವಾಗಿದೆ ಎಂದಿಟ್ಟುಕೊಳ್ಳೋಣ. ಜ್ಞಾನಸ್ನಾನದ ಪ್ರಮಾಣಪತ್ರ ಬೇಕೆಂದು ಆತ ಊರಿನ ಚರ್ಚ್ ಕಚೇರಿಗೆ ಇ-ಮೇಲ್ ಬರೆಯುತ್ತಾನೆ. ತಂದೆ-ತಾಯಿಯ ಪೂರ್ಣ ಹೆಸರು, ಹುಟ್ಟಿದ ದಿನಾಂಕ ತಿಳಿಸುವಂತೆ ಕಚೇರಿಯವರು ಮರುದಿನವೇ ಉತ್ತರಿಸುತ್ತಾರೆ. ಮೂರು ವಾರ ಕಳೆಯುತ್ತದೆ. "ಚರ್ಚ್‌ನವರು ಉತ್ತರಿಸಲೇ ಇಲ್ಲ" ಎಂದು ಯುವಕನಿಗೆ ಬೇಸರ. "ಕೇಳಿದ ವಿವರ ಕೊಡಲೇ ಇಲ್ಲ" ಎಂದು ಕಚೇರಿಯವರಿಗೆ ಬೇಸರ. ನಿಜವಾಗಿ ತಪ್ಪು ಇಬ್ಬರದ್ದೂ ಅಲ್ಲ. ಉತ್ತರ ಹೋಗಿ ಬಿದ್ದಿರುವುದು ಸ್ಪ್ಯಾಮ್ ಪೆಟ್ಟಿಗೆಯಲ್ಲಿ.

ಕೇಳದೆಯೇ ಬರುವ ಜಾಹೀರಾತು, ಮೋಸದ ಪತ್ರಗಳಿಗೆ ಸ್ಪ್ಯಾಮ್ ಎಂದು ಹೆಸರು. ಇದು ಹೊಸ ಪಿಡುಗಲ್ಲ. 1978ರಲ್ಲೇ ಅಮೆರಿಕದ ಕಂಪ್ಯೂಟರ್ ಕಂಪನಿಯೊಂದರ ಮಾರಾಟ ವಿಭಾಗದವರು ಸುಮಾರು 400 ಮಂದಿಗೆ ಒಟ್ಟಿಗೆ ಜಾಹೀರಾತು ಕಳುಹಿಸಿ ಹಲವರ ಕೋಪಕ್ಕೆ ಗುರಿಯಾಗಿದ್ದರು. ಇಂದು ಇಂತಹ ಪತ್ರಗಳನ್ನು ತಡೆಯಲು ಪ್ರತಿಯೊಂದು ಇ-ಮೇಲ್ ಸೇವೆಯಲ್ಲೂ ಫಿಲ್ಟರ್ ಇದೆ. ಕಳುಹಿಸಿದವರು ಯಾರು, ಒಕ್ಕಣೆ ಹೇಗಿದೆ, ಲಿಂಕ್ ಎಷ್ಟಿವೆ, ಲಗತ್ತು ಯಾವ ಬಗೆಯದು, ಹಿಂದೆ ಆ ವಿಳಾಸದ ಪತ್ರಗಳನ್ನು ಜನ ಏನು ಮಾಡಿದ್ದಾರೆ ಎಂಬುದನ್ನೆಲ್ಲ ಅದು ಅಳೆದು ನೋಡುತ್ತದೆ. ಅದು ಮಾಡುವುದು ಒಂದು ಅಂದಾಜು ಮಾತ್ರ. ಆದ್ದರಿಂದ ಕೆಲವೊಮ್ಮೆ ನಿಜವಾದ ಪತ್ರವೂ ಸಂಶಯಕ್ಕೆ ಸಿಲುಕುತ್ತದೆ.

ಉತ್ತರ ಕಾಯುವವರು ಏನು ಮಾಡಬೇಕು?

1. ಪತ್ರ ಬರೆದ ಕೂಡಲೇ ಆ ಕಚೇರಿಯ ವಿಳಾಸವನ್ನು ನಿಮ್ಮ ಕಾಂಟ್ಯಾಕ್ಟ್ಸ್ ಪಟ್ಟಿಗೆ ಸೇರಿಸಿಕೊಳ್ಳಿ. ಪರಿಚಿತರ ಪತ್ರವೆಂದು ಫಿಲ್ಟರ್ ತಿಳಿಯಲು ಇದು ಸಹಾಯಕ.

2. ಎರಡು ಮೂರು ದಿನಗಳಿಗೊಮ್ಮೆ ಸ್ಪ್ಯಾಮ್ ಪೆಟ್ಟಿಗೆ ತೆರೆದು ನೋಡಿ. ಅಲ್ಲಿಗೆ ಬಿದ್ದ ಪತ್ರದ ಬಗ್ಗೆ ಮೊಬೈಲ್ ಸಾಮಾನ್ಯವಾಗಿ ಸೂಚನೆ ಕೊಡುವುದಿಲ್ಲ. ಜಿಮೇಲ್‌ನಲ್ಲಿ ಅಲ್ಲಿನ ಪತ್ರಗಳು 30 ದಿನಗಳ ನಂತರ ತಾವಾಗಿಯೇ ಅಳಿಸಿಹೋಗುತ್ತವೆ. ಆಮೇಲೆ ಹುಡುಕಿ ಪ್ರಯೋಜನವಿಲ್ಲ.

3. ಪತ್ರ ಅಲ್ಲಿ ಸಿಕ್ಕಿದರೆ ಓದಿ ಅಲ್ಲಿಯೇ ಬಿಡಬೇಡಿ. 'ನಾಟ್ ಸ್ಪ್ಯಾಮ್' ಎಂಬ ಗುಂಡಿ ಒತ್ತಿ. ಪತ್ರ ಇನ್‌ಬಾಕ್ಸ್‌ಗೆ ಬರುತ್ತದೆ, ಫಿಲ್ಟರ್ ಕೂಡ ಪಾಠ ಕಲಿಯುತ್ತದೆ.

4. ಜಿಮೇಲ್ ಬಳಸುವವರು ಕಂಪ್ಯೂಟರ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಆ ವಿಳಾಸಕ್ಕೆ ಒಂದು ಫಿಲ್ಟರ್ ರಚಿಸಿ 'ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್' ಎಂಬುದನ್ನು ಆರಿಸಿಕೊಳ್ಳಿ. ಔಟ್‌ಲುಕ್‌ನಲ್ಲಿ 'ಸೇಫ್ ಸೆಂಡರ್ಸ್' ಪಟ್ಟಿಗೆ ವಿಳಾಸ ಸೇರಿಸಿದರೆ ಸಾಕು.

ಉತ್ತರ ಕಳುಹಿಸುವ ಕಚೇರಿಯವರು ಏನು ಮಾಡಬೇಕು?

1. ಹೊಸ ಪತ್ರ ಬರೆಯುವ ಬದಲು ಬಂದ ಪತ್ರಕ್ಕೇ 'ರಿಪ್ಲೈ' ಒತ್ತಿ ಉತ್ತರಿಸಿ. ತಾನು ಬರೆದ ಪತ್ರಕ್ಕೆ ಬಂದ ಉತ್ತರ ಎಂಬುದು ಪಡೆದವರಿಗೂ ಫಿಲ್ಟರ್‌ಗೂ ತಿಳಿಯುತ್ತದೆ.

2. ವಿಷಯದ ಸಾಲನ್ನು ಖಾಲಿ ಬಿಡಬೇಡಿ. 'ಅರ್ಜೆಂಟ್', ಸಾಲು ಸಾಲು ಆಶ್ಚರ್ಯಚಿಹ್ನೆ ಬೇಡ. 'ಪ್ರಮಾಣಪತ್ರಕ್ಕೆ ಬೇಕಾದ ವಿವರ' ಎಂಬಂತೆ ನೇರವಾಗಿರಲಿ.

3. ಬರೀ ಲಗತ್ತು ಕಳುಹಿಸಬೇಡಿ. ನಾಲ್ಕು ಸಾಲು ಬರೆದು ಕಚೇರಿಯ ಹೆಸರು, ಫೋನ್ ಸಂಖ್ಯೆ ಹಾಕಿ. ದಾಖಲೆಯನ್ನು ಜಿಪ್ ಮಾಡದೆ ಪಿಡಿಎಫ್ ಆಗಿಯೇ ಲಗತ್ತಿಸಿ.

4. ಪ್ರಕಟಣೆಗಳನ್ನು ಒಂದೇ ಸಲ ನೂರಾರು ಮಂದಿಗೆ, ಅವರು ಕೇಳದೆಯೇ, ಕಳುಹಿಸಬೇಡಿ. ಬೇಸತ್ತ ಕೆಲವರು 'ಸ್ಪ್ಯಾಮ್' ಎಂದು ಗುರುತು ಹಾಕಿದರೆ ಅದೇ ವಿಳಾಸದಿಂದ ಹೋಗುವ ಮುಖ್ಯ ಪತ್ರಗಳಿಗೂ ತೊಂದರೆಯಾಗುತ್ತದೆ.

5. ಕಚೇರಿಗೆ ಸ್ವಂತ ಡೊಮೈನ್ ಹೆಸರಿನ ವಿಳಾಸವಿದ್ದರೆ ಅದನ್ನು ನೋಡಿಕೊಳ್ಳುವವರ ಬಳಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ವ್ಯವಸ್ಥೆ ಇದೆಯೇ ಎಂದು ಕೇಳಿ. ನಮ್ಮ ಹೆಸರಿನಲ್ಲಿ ಪತ್ರ ಕಳುಹಿಸಲು ಯಾವ ಸರ್ವರ್‌ಗಳಿಗೆ ಅನುಮತಿಯಿದೆ ಎಂಬ ಪಟ್ಟಿ ಎಸ್‌ಪಿಎಫ್. ಪತ್ರದ ಮೇಲಿನ ಮೊಹರಿನಂತೆ ಕೆಲಸ ಮಾಡುವುದು ಡಿಕಿಮ್. ಇವೆರಡೂ ತಾಳೆಯಾಗದಿದ್ದರೆ ಪತ್ರವನ್ನು ಏನು ಮಾಡಬೇಕೆಂದು ಹೇಳುವುದು ಡಿಮಾರ್ಕ್. 2024ರ ಫೆಬ್ರವರಿಯಿಂದ ಜಿಮೇಲ್ ತನಗೆ ಪತ್ರ ಕಳುಹಿಸುವ ಎಲ್ಲರಿಗೂ ಮೊದಲ ಎರಡರಲ್ಲಿ ಒಂದನ್ನಾದರೂ ಕಡ್ಡಾಯ ಮಾಡಿದೆ. ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳುಹಿಸುವವರಿಗೆ ಮೂರೂ ಬೇಕು. ಸಣ್ಣ ಕಚೇರಿಯವರೂ ಮೂರನ್ನೂ ಮಾಡಿಸಿಕೊಳ್ಳುವುದು ಒಳ್ಳೆಯದು.

ಒಂದು ಎಚ್ಚರಿಕೆ

ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಇರುವುದೆಲ್ಲ ನಿರಪರಾಧಿಯಲ್ಲ. ಕಳುಹಿಸಿದವರ ಹೆಸರು ಪರಿಚಿತವೆಂದು ನಂಬಬೇಡಿ, ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಪೂರ್ಣ ವಿಳಾಸವನ್ನು ಅಕ್ಷರ ಅಕ್ಷರವಾಗಿ ನೋಡಿ. ಹಣ, ಪಾಸ್‌ವರ್ಡ್ ಅಥವಾ ಒಟಿಪಿ ಕೇಳಿದ್ದರೆ ಅದು ಯಾರ ಹೆಸರಿನಲ್ಲೇ ಬಂದಿರಲಿ, ಉತ್ತರಿಸಬೇಡಿ. ನಿಮಗೆ ಮೊದಲೇ ಗೊತ್ತಿರುವ ಸಂಖ್ಯೆಗೆ ಫೋನ್ ಮಾಡಿ ವಿಚಾರಿಸಿ.

ಕೊನೆಗೊಂದು ಮಾತು. ವಾರದೊಳಗೆ ಉತ್ತರ ಬರದಿದ್ದರೆ ಇನ್ನೊಬ್ಬರನ್ನು ದೂರುವ ಮೊದಲು ಸ್ಪ್ಯಾಮ್ ಪೆಟ್ಟಿಗೆ ತೆರೆದು ನೋಡಿ. ಅಲ್ಲಿಯೂ ಇಲ್ಲದಿದ್ದರೆ ಒಂದು ಫೋನ್ ಮಾಡಿ. ಕಚೇರಿಯವರೂ ಅಷ್ಟೇ, ಮದುವೆ, ಉದ್ಯೋಗ, ವೀಸಾದಂತಹ ದಿನಾಂಕ ನಿಗದಿಯಾದ ಕೆಲಸಗಳಲ್ಲಿ "ಉತ್ತರ ಕಳುಹಿಸಿದ್ದೇವೆ, ಸಿಕ್ಕಿತೇ?" ಎಂದು ಕೇಳಿಬಿಡಿ. ಎರಡು ನಿಮಿಷದ ಈ ಕೆಲಸದಿಂದ ಒಬ್ಬರ ಮದುವೆಯ ದಿನ ಮುಂದೆ ಹೋಗುವುದು ತಪ್ಪಬಹುದು.