ಕೇಳಲು ಹೆದರಬೇಡಿ

ಬನ್ನೂರಿನ ಸಾಲಗಾರ ರೈತನಿರಲಿ, ಹೆರಿಗೆಯ ಬಳಿಕ ಮಂಕಾಗಿರುವ ಸೊಸೆಯಿರಲಿ, ಆಪ್ತ ಸಮಾಲೋಚಕರ ಮುಂದೆ ಕುಳಿತಾಗ ಮೊದಲು ಹೇಳುವುದು ನಿದ್ದೆ ಬರುತ್ತಿಲ್ಲ, ತಲೆನೋವು ಎಂದೇ. "ಇನ್ನು ಬದುಕಿ ಏನು ಪ್ರಯೋಜನ" ಎಂಬ ಮಾತು ಎಲ್ಲ ಮುಗಿದ ಮೇಲೆ, ಅರ್ಧಂಬರ್ಧವಾಗಿ ಹೊರಬರುತ್ತದೆ. ಆ ಮಾತನ್ನು ಸಮಾಲೋಚಕರು ಕೇಳಿಸಿಕೊಳ್ಳದಂತೆ ಬಿಡಬಾರದು.

ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಹಲವರಿಗಿದೆ. ಇದು ತಪ್ಪು ತಿಳಿವಳಿಕೆ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ. ಎಷ್ಟೋ ಮಂದಿಗೆ ಹೇಳಿಕೊಂಡಾಗ ಎದೆಯ ಭಾರ ಇಳಿಯುತ್ತದೆ. "ಅಂಥ ಯೋಚನೆಯೇನೂ ಇಲ್ಲ ತಾನೇ?" ಎಂದರೆ "ಇಲ್ಲ" ಎಂಬ ಉತ್ತರವೇ ಬರುತ್ತದೆ. "ಇಷ್ಟು ನೋವಿರುವಾಗ ಸಾಯಬೇಕು ಎಂದು ಅನಿಸಿದ್ದುಂಟೇ?" ಎಂದು ಮೆಲ್ಲನೆ, ಸ್ಪಷ್ಟವಾಗಿ ಕೇಳಬೇಕು.

ಹೌದು ಎಂದರೆ ಗಾಬರಿಯೂ ಬೇಡ, ಉಪದೇಶವೂ ಬೇಡ. ಆತ್ಮಹತ್ಯೆ ಹರಾಮ್ ಎಂಬುದು ಅವರಿಗೆ ಗೊತ್ತು. ಗೊತ್ತಿರುವುದರಿಂದಲೇ ನಾಚಿ ಮುಚ್ಚಿಟ್ಟಿರುತ್ತಾರೆ. ಮೊದಲು ಪೂರ್ತಿ ಆಲಿಸಬೇಕು. ಯೋಚನೆ ಎಷ್ಟು ಸಲ ಬರುತ್ತದೆ, ಏನಾದರೂ ನಿರ್ಧರಿಸಿದ್ದಾರೆಯೇ, ಹಿಂದೆ ಪ್ರಯತ್ನಿಸಿದ್ದರೇ, ಇದುವರೆಗೆ ತಡೆದು ನಿಲ್ಲಿಸಿದ್ದು ಯಾವುದು ಎಂದು ಆಮೇಲೆ ವಿಚಾರಿಸಬೇಕು. ಮಗುವಿನ ಮುಖ, ತಾಯಿಯ ಮಾತು, ನಮಾಝ್, ಕೊನೆಯ ಪ್ರಶ್ನೆಗೆ ಸಿಗುವ ಉತ್ತರ ಯಾವುದೇ ಇರಲಿ, ಚಿಕಿತ್ಸೆಗೆ ಅದೇ ಆಸರೆ.

ಬಳಿಕ ಇಬ್ಬರೂ ಕುಳಿತು ಒಂದು ಚೀಟಿ ಬರೆಯುತ್ತಾರೆ: ಮನಸ್ಸು ಕೆಡುವ ಮುನ್ಸೂಚನೆಗಳು, ಆಗ ಮಾಡಬೇಕಾದ್ದು, ಫೋನ್ ಮಾಡಬೇಕಾದ ಇಬ್ಬರು ಮೂವರ ಹೆಸರು. ಹೊಲದ ಔಷಧಿ, ಮನೆಯ ಮಾತ್ರೆಗಳು ಬೇರೊಬ್ಬರ ಬೀಗದಲ್ಲಿರಬೇಕು. ಕಠಿಣ ಗಳಿಗೆ ಹೆಚ್ಚಾಗಿ ಅಲ್ಪಕಾಲದ್ದು. ಅದನ್ನು ದಾಟಿಸಿದರೆ ಜೀವ ಉಳಿಯುತ್ತದೆ.

"ಯಾರಿಗೂ ಹೇಳುವುದಿಲ್ಲ" ಎಂದು ಸಮಾಲೋಚಕರು ಮಾತು ಕೊಡಬಾರದು. ಗುಟ್ಟು ಕಾಯುತ್ತೇನೆ, ಆದರೆ ಪ್ರಾಣಕ್ಕೆ ಅಪಾಯವಿದ್ದರೆ ನಿಮ್ಮವರಿಗೆ ತಿಳಿಸಲೇಬೇಕು ಎಂದು ಮೊದಲೇ ಹೇಳಿದರೆ ನಂಬಿಕೆ ಉಳಿಯುತ್ತದೆ. ಪೊಲೀಸ್ ಕೇಸಿನ ಭಯವೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ.

ಹತ್ತಿರದಲ್ಲಿ ಸಮಾಲೋಚಕರಿಲ್ಲದಿದ್ದರೆ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಟೆಲಿ ಮಾನಸ್ ಸೇವೆ ಉಚಿತ. ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುವ ದಿನವನ್ನು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಅಪಾಯ ಕಣ್ಣೆದುರಿಗಿದ್ದರೆ ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.