ನಷ್ಟ ಇಳಿದಿದೆಯೋ, ಏರಿದೆಯೋ?

ಕೊರವಂಗಲದಿಂದ ಹಾಸನಕ್ಕೆ ಹೋಗುವ ರಸ್ತೆಯಲ್ಲಿ ಬ್ಯಾಟರಿ ಸ್ಕೂಟರ್ ಈಗ ಹೊಸದೇನಲ್ಲ. ಸ್ಕೂಟರ್ ಕೊಂಡವರ ಜೊತೆಗೆ, ಮೊಬೈಲಿನಲ್ಲೇ ಡಿಮ್ಯಾಟ್ ಖಾತೆ ತೆರೆದು ಆ ಸ್ಕೂಟರ್ ಕಂಪನಿಯ ಷೇರು ಕೊಂಡವರೂ ಇದ್ದಾರೆ. ಕಂಪನಿ ಗಟ್ಟಿಯಾಗಿದೆಯೇ ಎಂಬುದು ಇಬ್ಬರಿಗೂ ಮುಖ್ಯ. ಒಬ್ಬರಿಗೆ ಹಾಕಿದ ದುಡ್ಡಿನ ಚಿಂತೆ, ಇನ್ನೊಬ್ಬರಿಗೆ ಬ್ಯಾಟರಿ ವಾರಂಟಿಯ ಚಿಂತೆ. ಇಬ್ಬರೂ ನೆಚ್ಚಿಕೊಂಡಿರುವುದು ಸುದ್ದಿಯ ತಲೆಬರಹವನ್ನೇ.

ಉದಾಹರಣೆಗೆ, ಬೆಂಗಳೂರಿನ ಸ್ಕೂಟರ್ ಕಂಪನಿ ಓಲಾ ಎಲೆಕ್ಟ್ರಿಕ್ 2025ರ ಜುಲೈ 14ರಂದು ಏಪ್ರಿಲ್–ಜೂನ್ ತ್ರೈಮಾಸಿಕದ ಲೆಕ್ಕ ಪ್ರಕಟಿಸಿತು. ನಷ್ಟ ₹428 ಕೋಟಿ. ಅದರ ಹಿಂದಿನ ಮೂರು ತಿಂಗಳಲ್ಲಿ ನಷ್ಟ ₹870 ಕೋಟಿ ಇತ್ತು, ಹಾಗಾಗಿ ‘ನಷ್ಟ ಅರ್ಧಕ್ಕಿಳಿಯಿತು’ ಎಂದು ಬರೆಯಬಹುದು. ಹಿಂದಿನ ವರ್ಷದ ಇದೇ ತ್ರೈಮಾಸಿಕದಲ್ಲಿ ₹347 ಕೋಟಿ ಇತ್ತು, ಹಾಗಾಗಿ ‘ನಷ್ಟ ಶೇ 23ರಷ್ಟು ಹೆಚ್ಚಳ’ ಎಂದೂ ಬರೆಯಬಹುದು. ಎರಡರಲ್ಲೂ ಸುಳ್ಳಿಲ್ಲ. ವರಮಾನದ ಕಥೆಯೂ ಅದೇ: ₹828 ಕೋಟಿ ಎಂಬುದು ಹಿಂದಿನ ತ್ರೈಮಾಸಿಕದ ₹611 ಕೋಟಿಗಿಂತ ಹೆಚ್ಚು, ಹಿಂದಿನ ವರ್ಷದ ₹1,644 ಕೋಟಿಯ ಅರ್ಧ.

ಹಾಗಾದರೆ ಯಾವುದನ್ನು ನಂಬಬೇಕು? ವಾಹನ ಮಾರಾಟಕ್ಕೆ ಹಂಗಾಮು ಇದೆ, ದಸರಾ–ದೀಪಾವಳಿಗೆ ಏರುತ್ತದೆ. ಹಾಸನದ ಆಲೂಗೆಡ್ಡೆ ರೈತರು ಈ ಸುಗ್ಗಿಯ ಬೆಲೆಯನ್ನು ಹೋದ ಸುಗ್ಗಿಯ ಬೆಲೆಗೆ ಹೋಲಿಸುತ್ತಾರೆ, ಹೋದ ತಿಂಗಳಿನದಕ್ಕಲ್ಲ. ನಾನೂ ಮೊದಲು ನೋಡುವುದು ವರ್ಷದ ಹೋಲಿಕೆಯನ್ನೇ. ಆದರೆ ಕುಸಿದ ಕಂಪನಿ ಮೇಲೇಳುತ್ತಿದೆಯೇ ಎಂದು ತಿಳಿಯಲು ತ್ರೈಮಾಸಿಕದ ಹೋಲಿಕೆಯೂ ಬೇಕಾಗುತ್ತದೆ. ಒಂದನ್ನೇ ಹೇಳಿ ಇನ್ನೊಂದನ್ನು ಬಿಟ್ಟ ವರದಿ ಅರ್ಧ ವರದಿ.

ಅಂದೇ ಕಂಪನಿ ಇನ್ನೊಂದು ಮಾತು ಹೇಳಿತು: ಜೂನ್‌ನಲ್ಲಿ ವಾಹನ ವಿಭಾಗದ ಇಬಿಐಟಿಡಿಎ ಲಾಭಕ್ಕೆ ತಿರುಗಿದೆ. ಇದು ಬಡ್ಡಿ, ತೆರಿಗೆ, ಯಂತ್ರಗಳ ಸವಕಳಿ ಕಳೆಯುವ ಮುಂಚಿನ ಲೆಕ್ಕ. ಅದೂ ಒಂದೇ ತಿಂಗಳದ್ದು, ಒಂದೇ ವಿಭಾಗದ್ದು. ವ್ಯಾಪಾರ ಹಳಿಗೆ ಬರುತ್ತಿದೆ ಎನ್ನಲು ಅದೊಂದು ಸೂಚನೆ, ನಿಜ. ‘ಓಲಾ ಲಾಭಕ್ಕೆ ಬಂತು’ ಎಂದು ಓದಿಕೊಂಡರೆ ₹428 ಕೋಟಿ ಮರೆತಂತೆ. ಆ ದಿನ ಷೇರು ಶೇ 15ಕ್ಕೂ ಹೆಚ್ಚು ಜಿಗಿಯಿತು. ಆದರೂ ಬೆಲೆ ₹50ರ ಕೆಳಗೇ ಇತ್ತು. 2024ರ ಆಗಸ್ಟ್‌ನಲ್ಲಿ ಐಪಿಒದಲ್ಲಿ, ಅಂದರೆ ಮೊದಲ ಸಾರ್ವಜನಿಕ ಷೇರು ಮಾರಾಟದಲ್ಲಿ, ₹76 ಕೊಟ್ಟವರಿಗೆ ಆ ಜಿಗಿತದಿಂದ ಅಸಲೂ ಗಿಟ್ಟಲಿಲ್ಲ.

ಮಾರಾಟದ ಸಂಖ್ಯೆಯಲ್ಲಿ ಇನ್ನೂ ಎಚ್ಚರ ಬೇಕು. ಕಾರು ಕಂಪನಿಗಳು ತಿಂಗಳ ಮೊದಲ ದಿನ ಕೊಡುವ ಅಂಕಿ ಸಾಮಾನ್ಯವಾಗಿ ಡೀಲರ್‌ಗೆ ಕಳಿಸಿದ ಗಾಡಿಗಳದ್ದು, ಗಿರಾಕಿ ಮನೆಗೆ ಒಯ್ದವುಗಳದ್ದಲ್ಲ. ಆರ್‌ಟಿಒ ನೋಂದಣಿಯ ಲೆಕ್ಕ ಕೇಂದ್ರ ಸರ್ಕಾರದ ‘ವಾಹನ್’ ತಾಣದಲ್ಲಿ ಯಾರಿಗಾದರೂ ಸಿಗುತ್ತದೆ. 2025ರ ಫೆಬ್ರುವರಿಯಲ್ಲಿ 25,000 ಗಾಡಿ ಮಾರಿದ್ದಾಗಿ ಓಲಾ ಹೇಳಿತು. ವಾಹನ್‌ನಲ್ಲಿ ಇದ್ದದ್ದು ಸುಮಾರು 8,600. ನೋಂದಣಿ ಏಜೆನ್ಸಿಗಳ ಜೊತೆಗಿನ ಒಪ್ಪಂದ ಬದಲಿಸುತ್ತಿರುವುದರಿಂದ ಹೀಗಾಯಿತು ಎಂಬುದು ಕಂಪನಿಯ ವಿವರಣೆ. ಆ ವಿವರಣೆ ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು, ಆದರೆ ಎರಡೂ ಅಂಕಿ ಕೊಡದ ವರದಿಯಿಂದ ಆ ಪ್ರಶ್ನೆಯೇ ಏಳುವುದಿಲ್ಲ.

ಅನುಮಾನ ಬಂದರೆ ಮೂಲ ಲೆಕ್ಕವನ್ನೇ ತೆರೆಯಿರಿ. ಷೇರುಪೇಟೆಯಲ್ಲಿರುವ ಕಂಪನಿ ತ್ರೈಮಾಸಿಕ ಮುಗಿದ 45 ದಿನದೊಳಗೆ, ವರ್ಷದ ಲೆಕ್ಕವಾದರೆ 60 ದಿನದೊಳಗೆ, ಬಿಎಸ್‌ಇ ಮತ್ತು ಎನ್‌ಎಸ್‌ಇಗೆ ಫಲಿತಾಂಶ ಸಲ್ಲಿಸಲೇಬೇಕು. ಅಂಗಸಂಸ್ಥೆಗಳೂ ಸೇರಿದ ಕ್ರೋಡೀಕೃತ ಲೆಕ್ಕ ನೋಡಿ. ಅದರ ಜೊತೆಗಿರುವ ವರದಿಯಲ್ಲಿ ಲೆಕ್ಕಪರಿಶೋಧಕರು ಏನಾದರೂ ತಕರಾರು ಎತ್ತಿದ್ದಾರೆಯೇ ಎಂದೂ ನೋಡಿ.

ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ವಿಷಯದಲ್ಲಿ ಈ ಅನುಕೂಲವಿಲ್ಲ. ಅದು ಷೇರುಪೇಟೆಯಲ್ಲಿಲ್ಲ, ಮೂರು ತಿಂಗಳಿಗೊಮ್ಮೆ ಲಾಭ–ನಷ್ಟ ಹೇಳುವ ಕಟ್ಟುಪಾಡೂ ಇಲ್ಲ. ಅದರ ಬಗ್ಗೆ ತಿಂಗಳು ತಿಂಗಳು ಬರುವ ‘ಭರ್ಜರಿ ಸಾಧನೆ’ ಸುದ್ದಿ ಗಾಡಿಗಳ ಸಂಖ್ಯೆಯದ್ದೇ ಹೊರತು ಗಲ್ಲಾಪೆಟ್ಟಿಗೆಯದ್ದಲ್ಲ.