ಹಳೆಯ ಆಟದ ಮೋಟಾರಿಗೆ ಹೊಸ ಬಣ್ಣ

ಸ್ಲಾಟ್ ಕಾರು ಎಂಬ ಆಟದ ವಸ್ತುವನ್ನು ಕಣ್ಣಾರೆ ನೋಡದವರು ನಮ್ಮಲ್ಲಿ ಬಹುಮಂದಿ ಇರಬಹುದಾದ್ದರಿಂದ ಮೊದಲು ಅದರ ಸ್ವರೂಪವನ್ನು ಎರಡು ಮಾತಿನಲ್ಲಿ ತಿಳಿಸುತ್ತೇವೆ. ಅದು ಅರ್ಧ ಗೇಣಿನಷ್ಟು ಉದ್ದದ ಪಂದ್ಯದ ಮೋಟಾರು. ಸಾಮಾನ್ಯವಾಗಿ ನಿಜವಾದ ಗಾಡಿಯ 32ರಲ್ಲಿ ಒಂದು ಪಾಲು. ಅದು ಓಡುವ ದಾರಿಯ ನಡುವೆ ಒಂದು ಕಿರುತೋಡು. ತೋಡಿನ ಎರಡು ಮಗ್ಗುಲಿಗೂ ಲೋಹದ ಪಟ್ಟಿ. ಗಾಡಿಯ ಅಡಿಯಲ್ಲಿರುವ ಗೂಟ ತೋಡಿನೊಳಗಿಳಿದು ದಾರಿ ತಪ್ಪದಂತೆ ನಡೆಸುತ್ತದೆ. ಪಟ್ಟಿಗಳಿಂದ ಬಂದ ವಿದ್ಯುತ್ತು ಚಕ್ರಗಳನ್ನು ತಿರುಗಿಸುತ್ತದೆ. ಆಡುವವನ ಕೈಯಲ್ಲಿರುವುದು ವೇಗವೊಂದೇ. ತಿರುವಿನಲ್ಲಿ ಅದು ಮಿತಿ ಮೀರಿತೆಂದರೆ ಗಾಡಿ ತೋಡಿನಿಂದೆದ್ದು ಉರುಳುತ್ತದೆ.

ಅಮೆರಿಕದ ಲಯೊನೆಲ್ ಸಂಸ್ಥೆ 1912ರಲ್ಲಿಯೇ ಈ ಬಗೆಯ ಆಟವನ್ನು ಮಾರುಕಟ್ಟೆಗೆ ತಂದಿತ್ತಾದರೂ, ಅದು ಮನೆಮಾತಾದದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ಫ್ರೆಡ್ ಫ್ರಾನ್ಸಿಸ್ ಎಂಬುವರು ಕೀಲಿ ಕೊಟ್ಟು ಬಿಡುವ ತಗಡಿನ ಮೋಟಾರುಗಳನ್ನು ಮಾಡುತ್ತಿದ್ದರು. ಅವಕ್ಕೆ ವಿದ್ಯುತ್ತಿನ ಯಂತ್ರವನ್ನು ಅಳವಡಿಸಿ 1957ರಲ್ಲಿ ಹ್ಯಾರೊಗೇಟಿನ ಆಟಿಕೆಗಳ ಪ್ರದರ್ಶನದಲ್ಲಿ ಸ್ಕೇಲೆಕ್ಸ್‌ಟ್ರಿಕ್ ಎಂಬ ಹೆಸರಿನಿಂದ ಮುಂದಿಟ್ಟರು. ಮರುವರ್ಷ ಆ ಉದ್ಯಮ ಲೈನ್ಸ್ ಸಹೋದರರ ಕೈಸೇರಿತು. 1960ರಲ್ಲಿ ತಗಡು ಹೋಗಿ ಪ್ಲಾಸ್ಟಿಕ್ಕಿನ ಒಡಲು ಬಂದಿತು. ನಾವು ಈಗ ಹೇಳಹೊರಟಿರುವುದು ಈ ಪ್ಲಾಸ್ಟಿಕ್ಕಿನ ಒಡಲುಗಳ ವಿಚಾರ. ತಗಡಿನದು ಬೇರೆಯೇ ವಿದ್ಯೆ.

ಇಂಥ ಒಡಲೊಂದು ಅರವತ್ತು ವರ್ಷ ಅಟ್ಟದ ಮೇಲಿದ್ದು ಕೈಗೆ ಬಂದಾಗ ಅದರ ಮೇಲೆ ಮೂರು ನಾಲ್ಕು ಪದರ ಬಣ್ಣ ಇರುವುದು ಅಪರೂಪವಲ್ಲ. ಅದರ ಒಡೆಯನಾಗಿದ್ದ ಹುಡುಗ ತನಗೆ ಮೆಚ್ಚಿಗೆಯಾದ ಪಂದ್ಯಗಾರನ ಬಣ್ಣವನ್ನು ಬಳಿದಿರುತ್ತಾನೆ. ಅವನ ತಮ್ಮ ಅದರ ಮೇಲೆ ತನ್ನದನ್ನು. ಕುಂಚದ ಕೂದಲೂ ಬೆರಳಿನ ಗುರುತೂ ಅದರಲ್ಲಿ ಹೂತುಹೋಗಿರುತ್ತವೆ. ಕೊಂಡವನಿಗೆ ಮೊದಲು ಹುಟ್ಟುವ ಆಸೆ, ಇದನ್ನೆಲ್ಲಾ ತೊಳೆದು ಅಂಗಡಿಯಿಂದ ಬಂದ ದಿನದ ಹಾಗೆ ಮಾಡಬೇಕೆಂಬುದು. ಈ ಆಸೆಗೆ ಒಳಗಾಗುವ ಮುನ್ನ ಗಾಡಿಯನ್ನು ಮಗುಚಿ ಒಳಮೈಯನ್ನು ನೋಡತಕ್ಕದ್ದು.

ಇದಕ್ಕೆ ಕಾರಣವೇನೆಂದರೆ, ಆ ಕಾಲದ ಬಹುಪಾಲು ಒಡಲುಗಳಿಗೆ ಕಾರ್ಖಾನೆಯಲ್ಲಿ ಬಣ್ಣ ಬಳಿಯುತ್ತಲೇ ಇರಲಿಲ್ಲ. ಬಣ್ಣವನ್ನು ಪ್ಲಾಸ್ಟಿಕ್ಕಿನಲ್ಲಿಯೇ ಬೆರೆಸಿ ಅಚ್ಚಿಗೆ ಹೊಯ್ಯುತ್ತಿದ್ದರು. ಹೀಗಾಗಿ ಒಳಮೈಯಲ್ಲಿ ಕಾಣುವುದೇ ಅದರ ಹುಟ್ಟುಬಣ್ಣ. ಆಂಗ್ಲರ ಪಂದ್ಯದ ಗಾಡಿಗಳು ಹಸಿರು, ಇಟಲಿಯವು ಕೆಂಪು, ಫ್ರಾನ್ಸಿನವು ನೀಲಿ ಎಂಬ ಸಂಪ್ರದಾಯವನ್ನು ಪುಸ್ತಕದಲ್ಲಿ ಓದಿಕೊಂಡವನು, 1958ರಲ್ಲಿ ತಯಾರಕರ ಪ್ರಥಮ ವಿಶ್ವಪ್ರಶಸ್ತಿಯನ್ನು ಗೆದ್ದ ವ್ಯಾನ್‌ವಾಲ್ ಗಾಡಿ ಹಸಿರಲ್ಲದೆ ಬೇರೆ ಬಣ್ಣದಲ್ಲಿ ಇರಕೂಡದೆಂದು ತೀರ್ಮಾನಿಸಬಹುದು. ಆಟಿಕೆಯ ಕಾರ್ಖಾನೆಗೆ ಈ ಮಡಿ ಇರಲಿಲ್ಲ. ಒಂದೇ ಮಾದರಿಯನ್ನು ಹಲವು ಬಣ್ಣಗಳಲ್ಲಿ ಹೊಯ್ದು ಮಾರಿದ್ದುಂಟು. ಕೆಂಪಾಗಿ ಹುಟ್ಟಿದ ಒಡಲಿಗೆ ಹಸಿರು ಬಳಿದು ಅದನ್ನು ಸರಿಪಡಿಸಿದೆನೆನ್ನುವವನು, ಕಾಲ ಉಳಿಸಿಕೊಟ್ಟಿದ್ದುದನ್ನು ತಾನೇ ಮುಚ್ಚಿದಂತಾಗುತ್ತದೆ. ಮೇಲಿನ ಬಣ್ಣವನ್ನು ತೆಗೆದು ಹುಟ್ಟುಬಣ್ಣವನ್ನು ಒಂದಿಷ್ಟು ಮೆರುಗುಪುಡಿಯಿಂದ ತಿಕ್ಕಿದರೆ ಎಷ್ಟೋ ವೇಳೆ ಮತ್ತೆ ಬಳಿಯುವ ಅಗತ್ಯವೇ ಬೀಳುವುದಿಲ್ಲ. ಕಾರ್ಖಾನೆಯಲ್ಲಿಯೇ ಒತ್ತಿದ ಗೆರೆಯೋ ಅಂಕಿಯೋ ಇನ್ನೂ ಉಳಿದಿದ್ದರಂತೂ ಆ ಭಾಗಕ್ಕೆ ಯಾವ ದ್ರವವನ್ನೂ ಸೋಕಿಸಬಾರದು. ಅದು ಹೋದರೆ ಹೋಯಿತು.

ಬಣ್ಣ ತೆಗೆಯಲೇಬೇಕೆಂದು ನಿಶ್ಚಯಿಸಿದ ಮೇಲೆ ಪ್ರಶ್ನೆ ಬರುವುದು ಯಾವ ದ್ರವದಿಂದ ಎಂಬುದು. ಇಲ್ಲಿಯೇ ಹೆಚ್ಚಿನ ಅನಾಹುತಗಳು ನಡೆಯುವುದು. ಈ ಒಡಲುಗಳಲ್ಲಿ ಬಹುಪಾಲು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು. ಅದು ಇಂಗಾಲ ಜಲಜನಕಗಳಷ್ಟೇ ಸೇರಿ ಆದ ಉದ್ದನೆಯ ಸರಪಣಿ. ಬಣ್ಣದ ಅಂಗಡಿಯ ತಿನ್ನರು, ಪೆಟ್ರೋಲು, ಉಗುರುಬಣ್ಣವನ್ನು ಅಳಿಸುವ ಅಸಿಟೋನು, ಇವೆಲ್ಲವೂ ಬಣ್ಣವನ್ನು ಕರಗಿಸುವುದು ನಿಜವೇ. ಆದರೆ ಅದರ ಹಿಂದೆಯೇ ಸರಪಣಿಗಳ ನಡುವೆ ನುಗ್ಗಿ ಪ್ಲಾಸ್ಟಿಕ್ಕನ್ನೂ ಕರಗಿಸುತ್ತವೆ. ಕೆಲವೇ ನಿಮಿಷಗಳಲ್ಲಿ ಗಾಡಿಯ ಮೂತಿ ಬೆಲ್ಲದ ಪಾಕದಂತಾಗುತ್ತದೆ. ಅದಕ್ಕೆ ಮರಳಿ ರೂಪು ಕೊಡುವ ಉಪಾಯ ಯಾವುದೂ ಇಲ್ಲ.

ಹಾಗಾದರೆ ಬಣ್ಣಕ್ಕೆ ಶತ್ರುವಾಗಿಯೂ ಪ್ಲಾಸ್ಟಿಕ್ಕಿಗೆ ನಿರಪಾಯಕರವಾಗಿಯೂ ಇರುವುದು ಯಾವುದು? ಹುಡುಗರು ಬಳಸುತ್ತಿದ್ದ ಎನಾಮೆಲ್ ಬಣ್ಣಕ್ಕೆ ಆಧಾರ ಎಣ್ಣೆಯಿಂದ ಆದ ಅಂಟು. ಎಣ್ಣೆಗೆ ಕ್ಷಾರ ಸೇರಿದರೆ ಸಾಬೂನಾಗುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಕಾಸ್ಟಿಕ್ ಸೋಡದ ತೆಳುವಾದ ದ್ರಾವಣದಲ್ಲಿ ಒಡಲನ್ನು ಮುಳುಗಿಸಿಟ್ಟರೆ ಇದೇ ಕ್ರಿಯೆ ನಡೆಯುತ್ತದೆ: ಬಣ್ಣದ ಅಂಟು ಮೆಲ್ಲಮೆಲ್ಲನೆ ಸಾಬೂನಾಗಿ ಬಣ್ಣ ಸಿಪ್ಪೆಯಂತೆ ಸುಲಿದು ಬರುತ್ತದೆ. ಪಾಲಿಸ್ಟೈರೀನಿನಲ್ಲಿ ಕ್ಷಾರ ಕಚ್ಚುವಂಥ ಕೊಂಡಿಯೇ ಇಲ್ಲವಾದ್ದರಿಂದ ಅದಕ್ಕೆ ಏನೂ ಆಗುವುದಿಲ್ಲ. ಒಂದೇ ವಸ್ತುವಿನ ಮೇಲಿನ ಎರಡು ಪದರಗಳ ನಡುವೆ ರಸಾಯನಶಾಸ್ತ್ರ ಇಷ್ಟು ನಿಚ್ಚಳವಾಗಿ ಭೇದವೆಣಿಸುವುದನ್ನು ನೋಡುವುದೇ ಒಂದು ಸಂತೋಷ. ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣವಾದರೆ ಐಸೊಪ್ರೊಪೈಲ್ ಮದ್ಯಸಾರದಲ್ಲಿ ನೆನೆಹಾಕಿದರೆ ಸಾಕು, ಮೆತ್ತಗಾಗುತ್ತದೆ. ಮೋಟಾರುಗಳ ಬ್ರೇಕಿಗೆ ಹಾಕುವ ಎಣ್ಣೆಯನ್ನು ಕೆಲವರು ಹೊಗಳುತ್ತಾರೆ. ಬಣ್ಣವನ್ನು ಅದು ಚೆನ್ನಾಗಿಯೇ ಎಬ್ಬಿಸುತ್ತದೆ, ಆದರೆ ಹಳೆಯ ಪ್ಲಾಸ್ಟಿಕ್ಕನ್ನು ಪೆಡಸು ಮಾಡುವುದುಂಟಾದ್ದರಿಂದ ನಮಗೆ ಅದರಲ್ಲಿ ನಂಬಿಕೆಯಿಲ್ಲ.

ಕ್ಷಾರದ ವಿಷಯದಲ್ಲಿ ಕೆಲವು ಎಚ್ಚರಿಕೆಗಳನ್ನು ಹೇಳದೆ ಬಿಡುವಂತಿಲ್ಲ. ನೀರಿಗೆ ಸೋಡವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕೇ ಹೊರತು ಸೋಡದ ಮೇಲೆ ನೀರನ್ನು ಸುರಿಯಕೂಡದು. ಅದು ಕುದಿದು ಮುಖಕ್ಕೆ ಸಿಡಿದೀತು. ಕೈಗೆ ರಬ್ಬರಿನ ಚೀಲ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಅಲ್ಯುಮಿನಿಯಂ ಪಾತ್ರೆಯನ್ನು ಕ್ಷಾರ ತಿಂದುಹಾಕುತ್ತದೆ. ಗಾಡಿಯ ಬೆಳ್ಳಿಯಂತೆ ಹೊಳೆಯುವ ಬಿಡಿಭಾಗಗಳ ಮೆರುಗು ಸಾಮಾನ್ಯವಾಗಿ ಅಲ್ಯುಮಿನಿಯಮ್ಮಿನದೇ ಆದಕಾರಣ ಅವನ್ನೂ ಗಾಜಿನಂಥ ಪರದೆಯನ್ನೂ ಚಾಲಕನ ಗೊಂಬೆಯನ್ನೂ ಮೊದಲೇ ಬಿಡಿಸಿಡಬೇಕು. ಕೆಲಸ ಬೇಗ ಮುಗಿಯಲೆಂದು ನೀರನ್ನು ಕಾಯಿಸಲೂ ಬಾರದು. ಪಾಲಿಸ್ಟೈರೀನ್ ಕುದಿನೀರಿನ ಶಾಖದ ಆಸುಪಾಸಿನಲ್ಲಿಯೇ ಮೆತ್ತಗಾಗಿ ಸೊಟ್ಟಗಾಗುತ್ತದೆ. ಒಂದು ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೃದುವಾಗಿ ತಿಕ್ಕಿ, ಹರಿಯುವ ನೀರಿನಲ್ಲಿ ತೊಳೆದರಾಯಿತು. ಸಂದುಗಳಲ್ಲಿ ಉಳಿದುದನ್ನು ಚಾಕುವಿನಿಂದ ಕೆರೆಯುವುದಕ್ಕಿಂತ ಇನ್ನೊಂದು ರಾತ್ರಿ ನೆನೆಯಿಡುವುದು ಮೇಲು.

ಇನ್ನು ಬಳಿಯುವ ಮಾತು. ಅಚ್ಚು ಕೆತ್ತಿದವನು ಕೂದಲೆಳೆಯಷ್ಟು ಸಣ್ಣ ಗೆರೆಗಳನ್ನೂ ರಿವೆಟ್ಟುಗಳ ತಲೆಗಳನ್ನೂ ಮೂಡಿಸಿರುತ್ತಾನೆ. ದಪ್ಪನೆಯ ಬಣ್ಣ ಬಿದ್ದರೆ ಅವೆಲ್ಲ ಮುಳುಗುತ್ತವೆ. ಅಷ್ಟೇ ಅಲ್ಲದೆ, ಬಣ್ಣಕ್ಕೂ ತೂಕವಿದೆ. ಗಾಡಿಯ ಮೇಲ್ಭಾಗದಲ್ಲಿ ಕೂಡಿದ ತೂಕ ತಿರುವಿನಲ್ಲಿ ಅದನ್ನು ಹೊರಕ್ಕೆ ವಾಲಿಸುತ್ತದೆ. ಬಣ್ಣದ ತೂಕದ ಬಗ್ಗೆ ಪಂದ್ಯಗಾರರಲ್ಲಿ ಒಂದು ಪ್ರಸಿದ್ಧ ಕಥೆಯುಂಟು. 1934ರಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಮರ್ಸಿಡಿಸ್ ಗಾಡಿ 750 ಕಿಲೋಗ್ರಾಮಿನ ಮಿತಿಯನ್ನು ಒಂದು ಕಿಲೋಗ್ರಾಮು ಮೀರಿತೆಂದೂ, ಆಗ ಬಿಳಿಯ ಬಣ್ಣವನ್ನು ರಾತ್ರೋರಾತ್ರಿ ಕೆರೆದು ಬರಿಯ ಲೋಹದಲ್ಲಿಯೇ ಓಡಿಸಿದರೆಂದೂ, ಬೆಳ್ಳಿಬಾಣಗಳೆಂಬ ಹೆಸರು ಹಾಗೆ ಬಂದಿತೆಂದೂ ಆ ತಂಡದ ನಾಯಕ ನಾಯ್‌ಬಾವರ್ ಹೇಳಿಕೊಂಡಿದ್ದಾನೆ. ಇತಿಹಾಸಕಾರರು ಇದನ್ನು ಪೂರ್ತಿ ನಂಬುವುದಿಲ್ಲ. ಕಥೆ ಮಾತ್ರ ಸೊಗಸಾಗಿದೆ.

ತೊಳೆದೊಣಗಿದ ಒಡಲನ್ನು ಬರಿಗೈಯಿಂದ ಮುಟ್ಟಬಾರದು, ಬೆರಳಿನ ಜಿಡ್ಡಿನ ಮೇಲೆ ಬಣ್ಣ ನಿಲ್ಲದು. ಮೊದಲು ಪ್ಲಾಸ್ಟಿಕ್ಕಿಗೆಂದೇ ಮಾಡಿದ ಅಡಿಬಣ್ಣದ ಒಂದು ತೆಳುಲೇಪ. ಹಳದಿ ಕೆಂಪುಗಳ ಕೆಳಗೆ ಅದು ಬಿಳಿಯದಾಗಿರಲಿ. ಕೆಂಪು ಪ್ಲಾಸ್ಟಿಕ್ಕಿನ ಮೇಲೆ ಬಿಳಿಯನ್ನು ಬಳಿಯುವಾಗ ಒಮ್ಮೊಮ್ಮೆ ಕೆಂಪು ಮೇಲಕ್ಕೆ ಒಸರಿ ಬಿಳಿಯದು ಗುಲಾಬಿಯಾಗುತ್ತದೆ. ನಡುವೆ ಬೆಳ್ಳಿಬಣ್ಣದ ಒಂದು ಪದರವಿದ್ದರೆ ಅದು ತಡೆಯುತ್ತದೆ. ಅನಂತರ ಮೇಲುಬಣ್ಣವನ್ನು ಒಂದೇ ಸಲಕ್ಕೆ ತುಂಬದೆ ಮಂಜು ಕವಿದಂತೆ ಮೂರು ನಾಲ್ಕು ಬಾರಿ ಸಿಂಪಡಿಸತಕ್ಕದ್ದು. ಮಳೆಗಾಲದ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಗಾಳಿಯ ತೇವ ಲೇಪದಲ್ಲಿ ಸಿಕ್ಕಿ ಹೊಳಪಿನ ಬದಲು ಹಾಲು ಚೆಲ್ಲಿದಂಥ ಮಬ್ಬು ಉಳಿಯುತ್ತದೆ.

ಪಂದ್ಯದ ಅಂಕಿಗಳನ್ನು ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ಚಿತ್ರಗಳಾಗಿ ಮಾರುತ್ತಾರೆ. ಒರಟಾದ ಮೈಯ ಮೇಲೆ ಅವುಗಳ ಕೆಳಗೆ ಗಾಳಿ ಸಿಕ್ಕಿ ಬೆಳ್ಳಗೆ ಕಾಣುವುದರಿಂದ, ಬಣ್ಣ ಹೊಳಪಾಗಿ ಒಣಗಿದ ಮೇಲೆಯೇ ಅಂಟಿಸಬೇಕು. ಎನಾಮೆಲ್ ಆದರೆ ಒಂದು ವಾರ ಬಿಡುವುದು ಒಳ್ಳೆಯದು. ಮುಟ್ಟಿದರೆ ಒಣಗಿದಂತೆ ತೋರಿದರೂ ಮೂಗಿನ ಬಳಿ ಹಿಡಿದಾಗ ಬಣ್ಣದ ವಾಸನೆ ಇನ್ನೂ ಬರುತ್ತಿದ್ದರೆ ಅದು ಆರಿಲ್ಲವೆಂದೇ ತಿಳಿಯಬೇಕು. ವಾಸನೆ ಪೂರ್ತಿ ಹೋದ ಮೇಲೆ ಪರದೆಯನ್ನೂ ಗೊಂಬೆಯನ್ನೂ ಮತ್ತೆ ಕೂರಿಸಿ ಗಾಡಿಯನ್ನು ತೋಡಿಗಿಳಿಸಬಹುದು.